ಮಂಗನ ಕಾಯಿಲೆ, ಭಾಗ 3: ಕಾವಲುಗಾರನೇ ನುಂಗಿದ ಕಥೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಂಗನ ಕಾಯಿಲೆ ಹೆಸರು ಕೇಳದವರಿಲ್ಲ. ಆದ್ರೆ ಅದು ಮೈಯೊಳಗೆ ಏನ್ ಮಾಡುತ್ತೆ, ಗೊತ್ತಾ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಊರವರಿಗೂ ಜ್ವರ. ಮೊದಲು ಹಳದಿ ಜ್ವರ ಅಂತ ಅನುಮಾನ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್. ಹರಡೋದು ಉಣುಗು.

ನಂಗೆ ಮೈ ಜುಮ್ಮೆಂದಿದ್ದು 1959ರ ವರದಿ ವಿಷಯ ತಿಳಿದಾಗ. ತೀರಿಹೋದ ಮೂವರ ಅಂಗಾಂಶ ಪರೀಕ್ಷೆ ಅದು. ನಮ್ಮ ದೇಹದಲ್ಲಿ ಮ್ಯಾಕ್ರೋಫೇಜ್ ಅನ್ನೋ ಕಣಗಳಿವೆ. ರೋಗಾಣು ನುಂಗೋದು, ಗುಲ್ಮದಲ್ಲಿ ಮುದಿಯಾದ ಕೆಂಪು ರಕ್ತಕಣ ತೆಗೆಯೋದು ಅವುಗಳ ದಿನನಿತ್ಯದ ಕೆಲಸ. (ಇಂಥ ನುಂಗುವ ಕಣಗಳನ್ನ ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಮರಿಯಲ್ಲಿ ಕಂಡಿದ್ದು!) ಆ ಮೂವರ ಗುಲ್ಮ, ಯಕೃತ್ತಿನಲ್ಲಿ ಇವೇ ಕಣಗಳು ಮಿತಿಮೀರಿ ಹೆಚ್ಚಿ ಕೆಂಪು ಕಣಗಳನ್ನ ನುಂಗಿದ್ದವು. ಕಾವಲಿಗೆ ಇಟ್ಟವನೇ ಕಣಜ ಖಾಲಿ ಮಾಡಿದ ಹಾಗೆ.

2019ರಲ್ಲಿ ಸಾಗರದ ಅರಳಗೋಡು ಇದರಿಂದ ನಲುಗಿತು. ಹಳೇ ಲಸಿಕೆ 2022ರಲ್ಲಿ ನಿಂತಿತು. ಇದಕ್ಕೇ ಅಂತ ಔಷಧವೂ ಇಲ್ಲ. ದರಗು ತರೋಕೆ ಹೋಗಿಬಂದ ಮೇಲೆ ಜ್ವರ ಬಂದ್ರೆ, ಕಾಡಿಗೆ ಹೋಗಿದ್ದನ್ನ ಡಾಕ್ಟರಿಗೆ ಮೊದಲು ಹೇಳಿ.