ಶಾಲೆಯ ಕಾಸು ಯಾರ ಗಂಟಿನದು?

ಊರ ಶಾಲೆಯ ಖರ್ಚನ್ನು ಹೊರಬೇಕಾದವರು ಯಾರು? ಬಳ್ಳಾರಿ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೂರು ವರ್ಷಗಳ ಚರಿತ್ರೆಯಿದೆ.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದಲೂ ಶಾಲೆಗಳ ಲೆಕ್ಕ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದನು. ಅನಂತಪುರವೂ ಸೇರಿದ್ದ ಅಂದಿನ ಜಿಲ್ಲೆಯಲ್ಲಿ ಜನರು 9,27,857, ಶಾಲೆಗಳು 533, ಓದುವವರು 6,641. ಅವರಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ. ಕನ್ನಡ ಶಾಲೆಗಳು 235, ತೆಲುಗಿನವು 226. ಮರಳ ಮೇಲೆ ಅಕ್ಷರ ತಿದ್ದುವ ಹುಡುಗ ತಿಂಗಳಿಗೆ ಕಾಲು ರೂಪಾಯಿ, ಕಾಗದಕ್ಕೆ ಏರಿದವನು ಅರ್ಧ ರೂಪಾಯಿ ಕೊಡಬೇಕಾಗಿತ್ತು. ಕೂಲಿಮಠವೆಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಈ 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಹೇಳಿಕೊಳ್ಳಲು ಕ್ಯಾಂಪ್‌ಬೆಲ್ ನಾಚಿಕೊಂಡನು. ವಿಲಾಯಿತಿ ಬಟ್ಟೆ ಬಂದು ನೇಕಾರರ ಗಳಿಕೆ ಬತ್ತಿತು, ನಾಡಿನ ಹಣ ಹೊರಗೆ ಹರಿಯಿತು, ಬಡವರು ಮಕ್ಕಳನ್ನು ಶಾಲೆ ಬಿಡಿಸಿದರು ಎಂದು ಕಾರಣವನ್ನೂ ಬರೆದನು. ಕಂದಾಯ ಎತ್ತುವ ಅಧಿಕಾರಿಯೇ ಹೀಗೆ ಬರೆದದ್ದು ಗಮನಾರ್ಹ. ಮನ್ರೋ 1826ರಲ್ಲಿ ತಹಶೀಲುಗಳಿಗೆ ಸರ್ಕಾರಿ ಶಾಲೆಗಳನ್ನು ಸೂಚಿಸಿದನು. ಆ ಏರ್ಪಾಡು ಹತ್ತು ವರ್ಷವೇ ಬಾಳಿತು.

ಮುಂದೆ ಹೊಣೆ ಊರವರ ಮೇಲೆ ಬಿತ್ತು. 1871ರ ಸ್ಥಳೀಯ ನಿಧಿ ಕಾಯಿದೆ ಭೂಮಿಯ ಮೇಲೆ ಸೆಸ್ ಹಾಕಿತು. ಅದರ ದೊಡ್ಡ ಪಾಲು ರಸ್ತೆಗೆ ಹೋಗಿ, ಉಳಿದುದರಲ್ಲಿ ಶಾಲೆ, ಆಸ್ಪತ್ರೆ, ನೈರ್ಮಲ್ಯಗಳು ಹಂಚಿಕೊಳ್ಳಬೇಕಾಯಿತು. ನೆಲದ ಮೇಲಿನ ತೆರಿಗೆಗೆ ನೆಲದ ಗುಣವೇ ಅಳತೆ. ತುಂಗಭದ್ರೆಯ ಕಾಲುವೆ ಹರಿಯುವ ಸಿರುಗುಪ್ಪದ ಗದ್ದೆ ಕೊಡುವಷ್ಟನ್ನು ಮಳೆ ನಂಬಿದ ಕುರುಗೋಡಿನ ಎರೆಹೊಲ ಕೊಡಲಾರದು. 1876–78ರ ಕ್ಷಾಮದಲ್ಲಿ ಜನರೇ ಸಾಯುತ್ತಿದ್ದಾಗ ಸೆಸ್ಸಿನ ಮಾತೆಲ್ಲಿ?

1920ರ ಮದರಾಸು ಪ್ರಾಥಮಿಕ ಶಿಕ್ಷಣ ಕಾಯಿದೆ ಜಾಣ ಉಪಾಯವೊಂದನ್ನು ತಂದಿತು. ಸ್ಥಳೀಯ ಸಂಸ್ಥೆ ಸರ್ಕಾರದ ಒಪ್ಪಿಗೆ ಪಡೆದು ಶಿಕ್ಷಣ ತೆರಿಗೆ ಎತ್ತಿದರೆ ಸರ್ಕಾರವೂ ತನ್ನ ಪಾಲು ಸೇರಿಸುವುದು. ಕೊಡುವವನಿಗೆ ಕೇಳುವ ಹಕ್ಕೂ ಬಂತು. ಆದರೆ ಹೆಚ್ಚು ಎತ್ತಬಲ್ಲ ಊರಿಗೇ ಹೆಚ್ಚು ನೆರವು; ಬರಡು ನೆಲದ ಊರಿಗೆ ಎರಡೂ ಕೊರತೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಕಾಲಕ್ರಮದಲ್ಲಿ ಉಪಾಧ್ಯಾಯರ ಸಂಬಳ ರಾಜ್ಯದ ಬೊಕ್ಕಸದ ಹೊಣೆಯಾಯಿತು. ಸಿರುಗುಪ್ಪಕ್ಕೂ ಕುರುಗೋಡಿಗೂ ಒಂದೇ ಸಂಬಳ. ಇದು ದೊಡ್ಡ ಲಾಭ. 2004ರಿಂದ ಕೇಂದ್ರವೂ ಶಿಕ್ಷಣ ಸೆಸ್ ಎತ್ತುತ್ತಿದೆ. 2001ರಲ್ಲಿ ಕರ್ನಾಟಕದ ಶಾಲೆಗಳಿಗೆ ಪೋಷಕರ ಉಸ್ತುವಾರಿ ಸಮಿತಿಗಳು ಬಂದವು. ತೆರಿಗೆ ಎತ್ತುವ ಅಧಿಕಾರ ಮಾತ್ರ ಅವಕ್ಕಿಲ್ಲ.

ಹಳೆಯ ತೆರಿಗೆಯನ್ನು ಮರಳಿ ತರಬೇಕೆಂದಲ್ಲ. ಅದು ಬಡ ಊರಿನ ಮಗುವನ್ನು ಬಡ ಶಾಲೆಗೇ ಕಟ್ಟಿಹಾಕುತ್ತಿತ್ತು. ಆದರೆ ತಾನು ಕೊಟ್ಟ ಕಾಸಿಗೆ ಮೇಷ್ಟ್ರು ಬಂದರೇ, ಸೂರು ಸೋರುತ್ತಿದೆಯೇ ಎಂದು ಕೇಳುವ ಅಭ್ಯಾಸವೊಂದು ಆ ತೆರಿಗೆಯ ಬೆನ್ನಿಗಿತ್ತು. ಹಣ ದೂರದಿಂದ ಬರಲಿ. ಲೆಕ್ಕ ಮಾತ್ರ ಊರ ಕಟ್ಟೆಯ ಮೇಲೆ ನಡೆಯಲಿ.