ಯಂತ್ರಕ್ಕಿಂತ ಮೊದಲು ಮಾಸ್ತರರು

ನಮ್ಮ ಹಲಗೇರಿ ಸುತ್ತಿನ ಯಾವುದಾದರೂ ಹಳೆಯ ಸರಕಾರಿ ಶಾಲೆಯ ಡೆಡ್ ಸ್ಟಾಕ್ ರಜಿಸ್ಟರ್ ತೆರೆದು ನೋಡಿ. ಯಾವ ವರ್ಷ ಏನು ಸಾಮಾನು ಬಂತು, ಬೆಲೆ ಎಷ್ಟು, ಯಾರು ಸಹಿ ಮಾಡಿ ತಗೊಂಡರು, ಎಲ್ಲ ಸಿಗುತ್ತದೆ. ಭೂಗೋಲ, ನಕಾಶೆ, ರೇಡಿಯೊ, ಗಣಿತ ಕಿಟ್, ಕಂಪ್ಯೂಟರ್, ಪ್ರೊಜೆಕ್ಟರ್. ಆದರೆ ಅವನ್ನು ಹಿಡಿದು ಪಾಠ ಮಾಡುವುದನ್ನು ಮಾಸ್ತರರಿಗೆ ಯಾರು ಕಲಿಸಿದರು, ಎಷ್ಟು ದಿನ ಕಲಿಸಿದರು, ಆಮೇಲೆ ಯಾರು ಬಂದು ವಿಚಾರಿಸಿದರು ಎಂಬುದಕ್ಕೆ ಆ ರಜಿಸ್ಟರಿನಲ್ಲಿ ಕಾಲಮ್ಮೇ ಇಲ್ಲ. ನೌಕರಿಯ ಉದ್ದಕ್ಕೂ ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳಲ್ಲಿ ಪಾಠ ಹೇಳಿದವನು ನಾನು. ಮೊದಲು ಪ್ರಾಥಮಿಕ ಶಾಲೆ, ಆಮೇಲೆ ಪ್ರೌಢಶಾಲೆಯಲ್ಲಿ ಗಣಿತ. ಆ ಬಿಟ್ಟುಹೋದ ಕಾಲಮ್ಮಿನ ಇತಿಹಾಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗಾಂವಠಿ ಸಾಲಿಯ, ಅಂದರೆ ಊರಿನ ಹಳೆಯ ಶಾಲೆಯ, ಕಾಲಕ್ಕೆ ಮರಳೇ ಪಾಟಿ, ಬೆರಳೇ ಪೆನ್ಸಿಲ್. ಅಯ್ಯನವರು ಒಬ್ಬೊಬ್ಬ ಹುಡುಗನ ಕೈ ಹಿಡಿದು ಮರಳಿನ ಮೇಲೆ ತಿದ್ದಿಸುತ್ತಿದ್ದರು. ಮುಂಬಯಿ ಸರಕಾರದ ಕನ್ನಡ ಶಾಲೆಗಳು ಬಂದ ಮೇಲೆ ಕಪ್ಪು ಹಲಗೆ ಬಂತು. ಇದು ಸಣ್ಣ ಬದಲಾವಣೆಯಲ್ಲ. ಒಬ್ಬನಿಗೆ ತಿದ್ದಿಸಿ ರೂಢಿಯಾದ ಕೈ, ಇಡೀ ವರ್ಗಕ್ಕೆ ಬೆನ್ನು ತಿರುಗಿಸಿ ನಿಂತು ದೊಡ್ಡಕ್ಷರ ಬರೆಯುವುದನ್ನು ಕಲಿಯಬೇಕಿತ್ತು. ಖಡು ಹಿಡಿಯುವ ಬಗೆ, ಹಲಗೆಯ ಯಾವ ಭಾಗ ಉಳಿಸಬೇಕು, ಯಾವುದನ್ನು ಒರೆಸಬೇಕು, ಎಲ್ಲವೂ ಕಲಿತೇ ಬರಬೇಕಾದ ವಿದ್ಯೆ. ಅದನ್ನು ಕಲಿಸಲಿಕ್ಕೆ ಧಾರವಾಡದಲ್ಲಿ ನಾರ್ಮಲ್ ಸ್ಕೂಲು ಇತ್ತು. ಮುಂದೆ ಅದೇ ಟ್ರೇನಿಂಗ್ ಕಾಲೇಜು ಎಂದು ಊರೂರಿಗೆ ಹೆಸರಾಯಿತು. ಜೊತೆಗೆ ಪ್ರಾಕ್ಟೀಸಿಂಗ್ ಶಾಲೆ. ಒಬ್ಬ ಪಾಠ ಮಾಡಬೇಕು, ಉಳಿದವರು ಹಿಂದೆ ಕುಳಿತು ಬರೆದುಕೊಳ್ಳಬೇಕು, ಪಾಠ ಮುಗಿದ ಮೇಲೆ ಎಲ್ಲರೂ ಸೇರಿ ವಿಮರ್ಶೆ ಮಾಡಬೇಕು.

ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರಿಗೆ ಒಂದು ಮಾತು ಸ್ಪಷ್ಟವಾಗಿ ಗೊತ್ತಿತ್ತು: ಕಲಿತು ಊರಿಗೆ ಮರಳಿದ ಮಾಸ್ತರ ಒಂಟಿಯಾಗುತ್ತಾನೆ. ಕೇಳಲಿಕ್ಕೆ ಪಕ್ಕದಲ್ಲಿ ಇನ್ನೊಬ್ಬ ಮಾಸ್ತರನಿಲ್ಲ. ಅದಕ್ಕೇ 1865ರಲ್ಲಿ ‘ಮಠಪತ್ರಿಕೆ’ ಶುರುವಾಯಿತು. ಅದು ಮುಂದೆ ‘ಶಾಲಾಪತ್ರಿಕೆ’ಯಾಯಿತು, ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರು ಸಂಪಾದಿಸಿದರು, ಕೊನೆಗೆ ‘ಜೀವನ ಶಿಕ್ಷಣ’ವೆಂಬ ಹೆಸರು ನಿಂತಿತು. ಶಿಕ್ಷಕರಿಗಾಗಿಯೇ ಇರುವ ಮಾಸಪತ್ರಿಕೆಯೊಂದು ಒಂದೂವರೆ ಶತಮಾನ ದಾಟಿ ಬಾಳಿದ ಉದಾಹರಣೆ ನಮ್ಮ ದೇಶದಲ್ಲಿ ವಿರಳ. ನನ್ನ ತಂದೆಯವರೂ ಕನ್ನಡ ಸಾಲಿ ಮಾಸ್ತರರೇ. ‘ಜೀವನ ಶಿಕ್ಷಣ’ದ ಸಂಚಿಕೆಗಳನ್ನು ವರ್ಷವರ್ಷದ್ದು ಹೊಲಿದು ಇಟ್ಟಿದ್ದರು. ಅಂಚಿನಲ್ಲಿ ಸೀಸದ ಕಡ್ಡಿಯಿಂದ ಟಿಪ್ಪಣಿ ಬರೆದಿರುತ್ತಿದ್ದರು: ಯಾವ ಇಯತ್ತೆಗೆ ಈ ಪಾಠ ಹೊಂದಿತು, ಎಲ್ಲಿ ಹುಡುಗರಿಗೆ ತಿಳಿಯಲಿಲ್ಲ. ಇಂದು ವೃತ್ತಿಪರ ಬೆಳವಣಿಗೆ ಎಂದು ದೊಡ್ಡ ಹೆಸರಿನಿಂದ ಕರೆಯುವ ಕೆಲಸ ಆ ಅಂಚುಗಳಲ್ಲೇ ನಡೆಯುತ್ತಿತ್ತು.

ಧಾರವಾಡದ ಟ್ರೇನಿಂಗಿನ ಬಲ ಎಷ್ಟೆಂಬುದಕ್ಕೆ ನಮ್ಮ ಸೀಮೆಯವರೇ ಆದ ಗಳಗನಾಥರು ಸಾಕ್ಷಿ. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು. ಅಲ್ಲಿ ಕಲಿತು ಕನ್ನಡ ಶಾಲೆಯ ಮಾಸ್ತರಿಕೆ ಮಾಡಿದರು, ಆಮೇಲೆ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ನಡೆಸಿ ಉತ್ತರ ಕರ್ನಾಟಕದ ಮನೆಮನೆಗೆ ಓದುವ ಚಟ ಹಿಡಿಸಿದರು.

1938ರ ಸುಮಾರಿಗೆ ಮುಂಬಯಿ ಸರಕಾರ ವಾರ್ಧಾ ಯೋಜನೆಯ ಮೂಲ ಶಿಕ್ಷಣ ಕೈಗೆತ್ತಿಕೊಂಡಾಗ ಮಾಸ್ತರರ ಕೈಗೆ ತಕಲಿ ಬಂತು. ಹತ್ತಿ ಬೆಳೆಯುವ ನಮ್ಮ ನಾಡಿಗೆ ಅದು ಪರಕೀಯ ಸಾಮಾನಲ್ಲ. ಆದರೂ ನೂಲುವುದರ ಮೂಲಕ ಲೆಕ್ಕ ಕಲಿಸುವುದು ಬೇರೆಯೇ ಕೌಶಲ. ಅದು ದಕ್ಕದ ಕಡೆ ತಕಲಿ ಬರೀ ನೂಲುವ ತಾಸಾಗಿ ಉಳಿಯಿತು.

1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಹಲಗೇರಿಯಂಥ ಊರಿಗೆ ಹೊರಗಿನ ದನಿ ಬಂದದ್ದೇ ಆ ಕೇಂದ್ರದಿಂದ. ದೂರದರ್ಶನದ ದೊಡ್ಡ ಪ್ರಯೋಗ ಮಾತ್ರ ನಮ್ಮನ್ನು ಬಿಟ್ಟು ಹೋಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿದ್ದವು. ಕರ್ನಾಟಕದಿಂದ ಕಲಬುರ್ಗಿ, ರಾಯಚೂರು, ವಿಜಯಪುರ ಜಿಲ್ಲೆಗಳು ಸೇರಿದ್ದವು. ಹಳ್ಳಿಯ ಜನ ಟಿವಿ ನೋಡಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಉಪಗ್ರಹದ ಮೂಲಕ, ರೇಡಿಯೊ ಮತ್ತು ಮುದ್ರಿತ ಪಾಠಗಳನ್ನೂ ಜೋಡಿಸಿ, ಎರಡು ಕಂತುಗಳಲ್ಲಿ ಸುಮಾರು 48,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಪಾಠದ ತರಬೇತಿ ಕೊಟ್ಟದ್ದನ್ನು ಹೇಳುವವರು ಕಡಿಮೆ. ನನ್ನ ಲೆಕ್ಕದಲ್ಲಿ ಆ ಪ್ರಯೋಗದ ದೊಡ್ಡ ಸಾಧನೆ ಅದೇ. ಟಿವಿ ಮುಂದೆ ಕುಳಿತ ಮಾಸ್ತರರು ಸುಮ್ಮನೆ ನೋಡಿ ಎದ್ದು ಹೋಗದ ಹಾಗೆ, ನೋಡಿದ್ದನ್ನು ಕೈಯಿಂದ ಮಾಡಿ ಚರ್ಚಿಸುವಂತೆ ಯೋಜಿಸಿದ್ದರು. 1996ರ ಜನವರಿಯಲ್ಲಿ ಇಗ್ನೊ ಮತ್ತು ಇಸ್ರೊ ಸೇರಿ ಕರ್ನಾಟಕದ ಪ್ರಾಥಮಿಕ ಶಿಕ್ಷಕರಿಗೆ ನಡೆಸಿದ ತರಬೇತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತಜ್ಞರು ಪರದೆಯ ಮೇಲೆ, ಮಾಸ್ತರರು ಕೇಂದ್ರದಲ್ಲಿ. ಫೋನಿನಲ್ಲಿ ಪ್ರಶ್ನೆ ಕೇಳಿದರೆ ಅಲ್ಲಿಂದಲೇ ಉತ್ತರ. ‘ಎಜುಸ್ಯಾಟ್’ ಮೇಲೇರಿದ್ದು 2004ರ ಸೆಪ್ಟೆಂಬರ್‌ನಲ್ಲಿ. ಅದರ ಮೊದಲ ಶಾಲಾ ಪ್ರಯೋಗ ಚಾಮರಾಜನಗರ ಜಿಲ್ಲೆಯ 885 ಶಾಲೆಗಳಲ್ಲಿ ನಡೆಯಿತು.

ನಮ್ಮ ಕಡೆ ಏನಾಯಿತು? 1987ರಲ್ಲಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಬಂತು. ಉದ್ದೇಶ ಒಳ್ಳೆಯದೇ. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಕಪ್ಪು ಹಲಗೆ, ನಕಾಶೆ, ವಿಜ್ಞಾನದ ಕಿಟ್, ಗಣಿತದ ಕಿಟ್. ನಾನಿದ್ದ ಶಾಲೆಗೂ ಕಿಟ್ಟಿನ ಪೆಟ್ಟಿಗೆ ಬಂದಿತ್ತು. ಮುಖ್ಯೋಪಾಧ್ಯಾಯರು ರಜಿಸ್ಟರಿಗೆ ಏರಿಸಿ, ಟ್ರಂಕಿಗೆ ಹಾಕಿ ಕೀಲಿ ಜಡಿದರು. “ಕೆಟ್ರ ನನ್ನ ಪಗಾರದಾಗ ಮುರ್ಕೋತಾರ್ರಿ ಸರ್” ಎಂದರು. ಅವರನ್ನು ದೂರುವ ಮನಸ್ಸು ನನಗಿಲ್ಲ, ಆ ಭಯ ನಿಜವಾದದ್ದೇ. ಕಿಟ್ಟನ್ನು ಬಳಸುವುದು ಹೇಗೆಂದು ಶಿಕ್ಷಕರಿಗೆ ಹೇಳಿಕೊಡುವ ‘ಸಾಪ್ಟ್’ ಎಂಬ ದೇಶವ್ಯಾಪಿ ತರಬೇತಿ ಯೋಜನೆ ಶುರುವಾದದ್ದು 1993–94ರಲ್ಲಿ. ಪೆಟ್ಟಿಗೆಯ ಯೋಜನೆಗೂ ಪಾಠದ ಯೋಜನೆಗೂ ನಡುವೆ ಆರು ವರ್ಷ! ಅಷ್ಟರೊಳಗೆ ಎಷ್ಟೋ ಶಾಲೆಗಳಲ್ಲಿ ಬಳಸದೇ ಇಡುವುದೇ ಪದ್ಧತಿಯಾಗಿತ್ತು.

1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು. ನಾಲ್ಕು ವರ್ಷಕ್ಕೆ ‘ಮಾಹಿತಿ ಸಿಂಧು’ ಬಂತು. ರಾಜ್ಯದ ಸುಮಾರು 1000 ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟು, ಹೊರಗಿನ ಸಂಸ್ಥೆಗಳ ಬೋಧಕರಿಂದ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಯೋಜನೆ ಅದು. ಹಳ್ಳಿಯ ಹುಡುಗಿಯರು ಕೀಬೋರ್ಡ್ ಮುಟ್ಟಿದ್ದು ಅದರಿಂದಲೇ, ಆ ಉಪಕಾರ ನಾನು ಮರೆಯುವುದಿಲ್ಲ. ಆದರೆ ಗಣಿತದ ಮಾಸ್ತರ, ವಿಜ್ಞಾನದ ಮಾಸ್ತರ ಆ ಕೋಣೆಯ ಹೊರಗೇ ಉಳಿದರು. ಕಂಪ್ಯೂಟರ್ ಒಂದು ಬೇರೆ ವಿಷಯವಾಯಿತೇ ಹೊರತು ನಮ್ಮ ವಿಷಯ ಕಲಿಸುವ ಸಾಧನವಾಗಲಿಲ್ಲ. ಒಪ್ಪಂದ ಮುಗಿದು ಬೋಧಕರು ಹೊರಟಾಗ ನಾನು ಕಂಡ ಶಾಲೆಯಲ್ಲಿ ಕೋಣೆಗೆ ಕೀಲಿ ಬಿತ್ತು. ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಇದು ತಿರುಗಿದ್ದು 2011ರಲ್ಲಿ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಡನೆ ಸೇರಿ ವಿಷಯ ಶಿಕ್ಷಕರ ವೇದಿಕೆ ಆರಂಭಿಸಿತು. ಇಲ್ಲಿ ಕಲಿಸುವವರೂ ಮಾಸ್ತರರೇ. ರಾಜ್ಯಮಟ್ಟದಲ್ಲಿ ಕಲಿತ ಶಿಕ್ಷಕರು ಜಿಲ್ಲೆಗೆ ಬಂದು ನಮಗೆ ಕಲಿಸಿದರು. ಉಬುಂಟು, ಜಿಯೋಜಿಬ್ರಾದಂಥ ಮುಕ್ತ ತಂತ್ರಾಂಶಗಳಾದ್ದರಿಂದ ದುಡ್ಡಿನ ಪ್ರಶ್ನೆ ಬರಲಿಲ್ಲ. ಆ ತರಬೇತಿಯ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕಳೆದ ಒಂದು ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯ. ನಾವೆಲ್ಲ ಹಲಗೆಯ ಮೇಲೆ ಒಂದು ಚಿತ್ರ ಬರೆದು ಸಾಧಿಸುತ್ತ ಬಂದವರು. ಬ್ಯಾಡಗಿ ಕಡೆಯ ಹಿರಿಯ ಶಿಕ್ಷಕಿಯೊಬ್ಬರು ಮೌಸ್ ಹಿಡಿಯಲು ಹಿಂಜರಿದರು. “ಅಕ್ಕಾರ, ಆ ಬಿಂದು ಹಿಡದ ಎಳೀರಿ, ಏನೂ ಕೆಡೂದಿಲ್ಲ” ಎಂದರು ಕಲಿಸುತ್ತಿದ್ದ ಮಾಸ್ತರರು. ಶಿಕ್ಷಕಿ ಎಳೆದರು. ಬಿಂದು ವೃತ್ತದ ಮೇಲೆ ಸರಿಯುತ್ತಲೇ ಇತ್ತು, ಕೋನ ತೊಂಬತ್ತರಿಂದ ಅಲುಗಲಿಲ್ಲ. “ಇದನ್ನ ನಮ್ಮ ಹುಡುಗೂರು ನೋಡ್ಬೇಕ್ರಿ” ಎಂದು ಅವರು ಎದ್ದು ನಿಂತೇ ಬಿಟ್ಟರು. ಮುಂದಿನ ಸಭೆಗೆ ತಾವೇ ಮಾಡಿದ ಮೂರು ಚಿತ್ರ ತಂದು ತೋರಿಸಿದರು. ನೂರೈವತ್ತು ವರ್ಷದ ಹಿಂದಿನ ಪ್ರಾಕ್ಟೀಸಿಂಗ್ ಶಾಲೆಯ ಪದ್ಧತಿಯೇ ಅಲ್ಲಿ ಮರಳಿ ಬಂದಿತ್ತು: ಒಬ್ಬರು ಮಾಡಿ ತೋರಿಸುವುದು, ಉಳಿದವರು ನೋಡಿ ವಿಮರ್ಶಿಸುವುದು. ಶಿಕ್ಷಕರೇ ಬರೆದ ಪಾಠಸಾಮಗ್ರಿ ‘ಕೊಯರ್’ ಜಾಲತಾಣ ಸೇರಿತು. 2016–17ರಿಂದ ತಂತ್ರಜ್ಞಾನದ ನೆರವಿನಿಂದ ಕಲಿಸುವ ‘ಟಾಲ್ಪ್’ ಯೋಜನೆ ಬಂದಾಗ ಲ್ಯಾಪ್‌ಟಾಪು, ಪ್ರೊಜೆಕ್ಟರುಗಳ ಜೊತೆಗೆ ಇಂಡಕ್ಷನ್ ತರಬೇತಿಗಳೂ ಬಂದವು. ತನಗೆ ಬೇಕಾದ ವಿಷಯವನ್ನು ಶಿಕ್ಷಕನೇ ಆರಿಸಿಕೊಳ್ಳುವ ‘ಗುರುಚೇತನ’ವೂ ಆ ಹೊತ್ತಿನದೇ. ಸಾಮಾನು ಮತ್ತು ಕಲಿಕೆ ಜೊತೆಜೊತೆಗೆ ಬಂದ ಅಪರೂಪದ ಕಾಲ ಅದು.

2020ರಲ್ಲಿ ಶಾಲೆ ಮುಚ್ಚಿದಾಗ ತರಬೇತಿಯೂ ಮೊಬೈಲಿಗೆ ಇಳಿಯಿತು. ‘ನಿಷ್ಠಾ’ ಕೋರ್ಸುಗಳು ದೀಕ್ಷಾ ವೇದಿಕೆಯ ಮೇಲೆ ಬಂದವು. ವಿಡಿಯೊ ಹಚ್ಚಿಟ್ಟು ಬೇರೆ ಕೆಲಸ ಮಾಡಿದವರಿಗೂ ಪ್ರಮಾಣಪತ್ರ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ಕಲಿಯುವ ಆಸೆ ಇದ್ದವರಿಗೆ ಅದರಲ್ಲೂ ಒಳ್ಳೆಯ ಪಾಠಗಳಿದ್ದವು. ಆದರೆ ಸಂಶಯ ಬಂದಾಗ ಪಕ್ಕದಲ್ಲಿ ಕೇಳಲು ಯಾರೂ ಇರಲಿಲ್ಲ. ಚನ್ನಬಸಪ್ಪನವರು 1865ರಲ್ಲಿ ಗುರುತಿಸಿದ ಒಂಟಿತನ ಅದೇ.

ಈಗ ಊರೂರಿಗೆ ಸ್ಮಾರ್ಟ್ ಕ್ಲಾಸಿನ ಪರದೆಗಳು ಬರುತ್ತಿವೆ. ದಾನಿಗಳೂ ಕೊಡುತ್ತಿದ್ದಾರೆ, ಹಳೆ ವಿದ್ಯಾರ್ಥಿಗಳೂ ಕೊಡುತ್ತಿದ್ದಾರೆ, ಅವರ ಪ್ರೀತಿ ದೊಡ್ಡದು. ಅವರಲ್ಲಿ ನನ್ನ ವಿನಂತಿ ಇಷ್ಟು: ಪರದೆಯ ದುಡ್ಡಿನಲ್ಲಿ ಒಂದು ಪಾಲನ್ನು ಆ ಶಾಲೆಯ ಶಿಕ್ಷಕರ ಒಂದು ವರ್ಷದ ಕಲಿಕೆಗೆ ತೆಗೆದಿಡಿ. ಇಲಾಖೆಯವರಲ್ಲಿ ಕೇಳುವುದು: ಬಳಸುವಾಗ ಕೆಟ್ಟ ಸಾಮಾನಿಗೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ ಎಂದು ಲಿಖಿತವಾಗಿ ಕೊಡಿ. ಇನ್ನು ನಮ್ಮ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಳಗಕ್ಕೆ: ತಿಂಗಳ ಸಮಾಲೋಚನಾ ಸಭೆಯಲ್ಲಿ ನಮೂನೆ ತುಂಬುವ ಕೆಲಸವನ್ನು ಅರ್ಧಕ್ಕೆ ಇಳಿಸಿ, ಮೊದಲ ತಾಸು ಯಾರಾದರೊಬ್ಬ ಶಿಕ್ಷಕರಿಂದ ಒಂದು ಪಾಠ ಮಾಡಿಸಿರಿ, ಉಳಿದವರು ಕುಳಿತು ನೋಡಲಿ.