ಒಳಗಿವಿಗೆ ತಂತಿ ಇಳಿಸಿದ ಕೈಗಳ ಚರಿತ್ರೆ

1957ರಲ್ಲಿ ಪ್ಯಾರಿಸ್ಸಿನ ಆಂದ್ರೆ ಜೂರ್ನೊ ಮತ್ತು ಶಾರ್ಲ್ ಏರಿಯೆಸ್ ಅವರು ಶ್ರವಣಶಕ್ತಿ ಕಳೆದುಕೊಂಡಿದ್ದ ರೋಗಿಯೊಬ್ಬರ ಶ್ರವಣನರಕ್ಕೆ ನೇರವಾಗಿ ವಿದ್ಯುತ್ತು ಹರಿಸಿ ಸದ್ದಿನ ಅನುಭವ ಮೂಡಿಸಿದಾಗ ಕಾಕ್ಲಿಯರ್ ಇಂಪ್ಲಾಂಟಿನ ಚರಿತ್ರೆ ಆರಂಭವಾಯಿತು. ಆದರೆ ಆ ವಿದ್ಯುತ್ತನ್ನು ಒಯ್ಯುವ ಎಲೆಕ್ಟ್ರೋಡನ್ನು, ಅಂದರೆ ಲೋಹದ ಸೂಕ್ಷ್ಮ ಸ್ಪರ್ಶಬಿಂದುಗಳಿರುವ ಎಳೆಯನ್ನು, ಒಳಗಿವಿಯಲ್ಲಿ ಸುಮಾರು ಎರಡೂವರೆ ಸುತ್ತಿನ ಸುರುಳಿಯಾಗಿರುವ ಕಾಕ್ಲಿಯಾದೊಳಗೆ ಅಲ್ಲಿನ ಪೊರೆ ಹರಿಯದಂತೆ ಇಳಿಸುವುದು ಹೇಗೆಂಬ ಪ್ರಶ್ನೆ ಬಹುಕಾಲ ಉಳಿಯಿತು. ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ 1977ರಲ್ಲಿ ಕಡಲತೀರವೊಂದರಲ್ಲಿ ಶಂಖದ ಚಿಪ್ಪಿನೊಳಗೆ ಹುಲ್ಲಿನ ಎಸಳನ್ನು ತೂರಿಸಿ ನೋಡಿ, ತುದಿ ಮೆತ್ತಗಿದ್ದು ಬುಡ ಗಟ್ಟಿಯಾಗಿರುವ ಎಳೆಯೇ ತಿರುವುಗಳಲ್ಲಿ ಸಾಗುತ್ತದೆಂದು ಕಂಡುಕೊಂಡರು. ಮರುವರ್ಷ ಮೆಲ್ಬರ್ನಿನಲ್ಲಿ ಬಹುವಾಹಿನಿ ಸಾಧನವನ್ನು, ಅಂದರೆ ಸ್ವರದ ಬೇರೆ ಬೇರೆ ಸ್ತರಗಳಿಗೆ ಬೇರೆ ಬೇರೆ ಬಿಂದುಗಳಿರುವ ಸಾಧನವನ್ನು, ಮನುಷ್ಯನ ಕಿವಿಯಲ್ಲಿ ಅಳವಡಿಸಿದರು.

ಮಕ್ಕಳ ಮಟ್ಟಿಗೆ ಈ ಚಿಕಿತ್ಸೆ ವ್ಯಾಪಕವಾದದ್ದು ತಡವಾಗಿ. ಎರಡು ವರ್ಷ ದಾಟಿದ ಮಕ್ಕಳಲ್ಲಿ ಇದರ ಬಳಕೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದ್ದು 1990ರಲ್ಲಿ. ಹುಟ್ಟುವಾಗಲೇ ಕಾಕ್ಲಿಯಾ ಪೂರ್ಣಗಾತ್ರಕ್ಕೆ ಬಂದಿದ್ದರೂ ಕಿವಿಯ ಹಿಂಬದಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಮುಖದ ಸ್ನಾಯುಗಳನ್ನು ಆಡಿಸುವ ನರ ಚರ್ಮಕ್ಕೆ ಸಮೀಪದಲ್ಲಿರುತ್ತದೆ. ಆದ್ದರಿಂದ ಕೂಸಿನ ಮೂಳೆಯನ್ನು ಕೊರೆದು, ಆ ನರಕ್ಕೂ ರುಚಿಯ ನರಕ್ಕೂ ನಡುವಿನ ಕೆಲವೇ ಮಿಲಿಮೀಟರಿನ ಸಂದಿಯಲ್ಲಿ ಒಳಹೋಗುವ ವೈದ್ಯರ ಕೈಗೆ ಅಸಾಧಾರಣ ಸಂಯಮ ಬೇಕಾಗುತ್ತದೆ.

ಆ ಸಂಯಮವನ್ನೇ ಒಂದು ಪದ್ಧತಿಯಾಗಿ ರೂಪಿಸಿದವರು ಜರ್ಮನಿಯ ಹಾನೋವರಿನ ಅರ್ನ್ಸ್ಟ್ ಲೇನ್‌ಹಾರ್ಟ್. 1993ರಲ್ಲಿ ಅವರು ಪ್ರತಿಪಾದಿಸಿದ ಮೃದು ಶಸ್ತ್ರಕ್ರಿಯೆಯಲ್ಲಿ ಕಾಕ್ಲಿಯಾಕ್ಕೆ ಚಿಕ್ಕ ರಂಧ್ರ ಮಾಡಿ, ಒಳಗಿನ ದ್ರವವನ್ನು ಹೀರದೆ, ಎಳೆಯನ್ನು ನಿಧಾನವಾಗಿ ಜಾರಿಸಲಾಗುತ್ತದೆ. ಇದರ ಬೆಲೆ ಮಕ್ಕಳಲ್ಲೇ ಹೆಚ್ಚು, ಏಕೆಂದರೆ ಸಾಧನ ಕೆಟ್ಟಾಗ ಅದೇ ಕಿವಿಗೆ ಮತ್ತೆ ಇಂಪ್ಲಾಂಟ್ ಹಾಕಬೇಕಾದ ಸಂದರ್ಭ ಅವರ ದೀರ್ಘ ಬದುಕಿನಲ್ಲಿ ಬರಬಹುದು.

ರೋಬಾಟನ್ನು ಲೇನ್‌ಹಾರ್ಟರ ಈ ವಿಚಾರದ ಮುಂದುವರಿಕೆಯೆಂದೇ ನೋಡಬೇಕು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ತಂಡ 2017ರಲ್ಲಿ ವರದಿ ಮಾಡಿದ ಯಂತ್ರ, ವಯಸ್ಕ ರೋಗಿಯೊಬ್ಬರಲ್ಲಿ, ಸಿಟಿ ಸ್ಕ್ಯಾನ್ ಆಧರಿಸಿದ ಯೋಜನೆಯಂತೆ ಮುಖನರವನ್ನು ತಪ್ಪಿಸಿ ಮೂಳೆಯಲ್ಲಿ ಕಿರುಸುರಂಗ ಕೊರೆಯಿತು. ಇನ್ನೊಂದು ಬಗೆಯ ಯಂತ್ರಗಳು ಎಳೆಯನ್ನು ಒಳತಳ್ಳುವುದಕ್ಕಷ್ಟೇ ಮೀಸಲು. ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ಬಹಳ ನಿಧಾನವಾಗಿ, ನಡುಕವಿಲ್ಲದೆ, ಒಂದೇ ಸಮನೆ ತಳ್ಳುವುದು ಪಳಗಿದ ಕೈಗೂ ಕಷ್ಟವಾದದ್ದರಿಂದ ಅವು ಹುಟ್ಟಿಕೊಂಡವು. ಇಂಥ ಯಂತ್ರವಿದ್ದರೂ ಮೂಳೆ ಕೊರೆದು ದಾರಿ ಬಿಡಿಸುವುದು ವೈದ್ಯರೇ. ಹುಟ್ಟಿನಿಂದಲೇ ರಚನೆ ಕೆಟ್ಟಿರುವ ಕಾಕ್ಲಿಯಾವನ್ನು ತೆರೆದೊಡನೆ ಮಿದುಳಿನ ಸುತ್ತಲಿನ ದ್ರವ ರಭಸದಿಂದ ಉಕ್ಕಿ ಬಂದರೆ, ಅಂಗಾಂಶದ ಚೂರನ್ನಿಟ್ಟು ಅದನ್ನು ತಡೆದು, ಮುಂದುವರಿಯಬೇಕೇ ಬೇಡವೇ ಎಂದು ಆ ಕ್ಷಣದಲ್ಲೇ ನಿರ್ಧರಿಸಬೇಕಾದವರೂ ಅವರೇ.